ಒಂದು ಲೈಫ್ ತಗೊಳ್ಳಲಾ?

ಬಳ್ಳಾರಿ, ಏಪ್ರಿಲ್ 1998

ಟಾರು ರಸ್ತೆ ಮೆತ್ತಗಾಗಿ ಹವಾಯಿ ಚಪ್ಪಲಿಗೆ ಅಂಟುತ್ತಿದೆ. ಮಧ್ಯಾಹ್ನ ಮೂರು ಗಂಟೆ. ಕೋಟೆಗುಡ್ಡ ಒಲೆಯ ಮೇಲೆ ಮರೆತುಬಿಟ್ಟ ಹಂಚಿನ ಹಾಗೆ ಕಾದು ನಿಂತಿದೆ. ಕೌಲ್ ಬಜಾರಿನಿಂದ ಮೋತಿ ಸರ್ಕಲ್ ಕಡೆಗೆ ಓಡುತ್ತಿದ್ದೇನೆ. ಚಡ್ಡಿಯ ಜೇಬಿನಲ್ಲಿ ಒಂದು ರೂಪಾಯಿಯ ನಾಲ್ಕು ನಾಣ್ಯಗಳಿವೆ. ಸದ್ದಾಗಬಾರದೆಂದು ಅವನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದೇನೆ. ಬೆಳಿಗ್ಗೆಯಿಂದ ಅಮ್ಮನ ಪಕ್ಕ ಕೂತು ಜೀನ್ಸ್ ಪ್ಯಾಂಟುಗಳ ಹೊಲಿಗೆಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸಿದ್ದಕ್ಕೆ ಸಿಕ್ಕ ಕೂಲಿ ಇದು. ಉಗುರಿನ ಸಂದಿಯಲ್ಲಿ ಬಟ್ಟೆಯ ನೀಲಿ ಇನ್ನೂ ಹೋಗಿಲ್ಲ.

ಅಂಗಡಿಗೆ ಬೋರ್ಡಿಲ್ಲ. ಬಾಗಿಲಿಗೆ ಇಳಿಬಿಟ್ಟ ಗೋಣಿತಾಟು ಸರಿಸಿ ಒಳಗೆ ಕಾಲಿಟ್ಟರೆ ಮೊದಲು ಕತ್ತಲೆ, ಆಮೇಲೆ ಬೆವರಿನ ವಾಸನೆ, ಆಮೇಲೆ ಸದ್ದು. ಎರಡು ಮಷೀನುಗಳಿವೆ. ಒಂದರ ಮುಂದೆ ಯಾರೂ ಇಲ್ಲ. ಇನ್ನೊಂದರ ಮುಂದೆ ಹತ್ತು ಹನ್ನೆರಡು ತಲೆಗಳು. ಅಲ್ಲಿ ನಡೆಯುತ್ತಿರುವುದು ಮುಸ್ತಫಾ.

ಆಟದ ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಅದನ್ನು ಹೊರತಂದಿತ್ತು. ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕದ ಚಿತ್ರಕಾರನ ಕಾಮಿಕ್ಸ್ ಅದಕ್ಕೆ ಮೂಲ. ಆಡುವವರು ಆರಿಸಿಕೊಳ್ಳಲು ನಾಲ್ವರಿದ್ದರು: ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ನಮಗೆ ಬೇಕಿದ್ದವನು ಒಬ್ಬನೇ. ಎಲ್ಲರಿಗಿಂತ ಚುರುಕಾಗಿ ಓಡಿಬಂದು ಹಾರಿ ಒದೆಯುವವನು ಅವನು. ಹೆಸರೂ ನಮ್ಮ ಓಣಿಯದೇ. ಜ್ಯಾಕ್ ಎನ್ನುವವರನ್ನು ನಾವು ಕಂಡಿರಲಿಲ್ಲ. ಮುಸ್ತಫಾ ಎಂದು ಕೂಗಿದರೆ ಕೌಲ್ ಬಜಾರಿನಲ್ಲಿ ಯಾರಾದರೂ ಓಗೊಡುತ್ತಿದ್ದರು. ಹಾಗಾಗಿ ಇಡೀ ಆಟಕ್ಕೇ ಅವನ ಹೆಸರು ಬಿತ್ತು.

ಜಾಯ್‌ಸ್ಟಿಕ್ಕಿನ ಗುಂಡು ಯಾವತ್ತೋ ಉದುರಿಹೋಗಿದೆ. ಉಳಿದ ಕಬ್ಬಿಣದ ಕಡ್ಡಿಗೆ ಸೈಕಲ್ ಟ್ಯೂಬು ಸುತ್ತಿದ್ದಾರೆ. ನನ್ನ ಸರದಿ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ನಾಣ್ಯ ಹಾಕುತ್ತೇನೆ. ಪಕ್ಕದಲ್ಲಿ ಲಾರಿ ಕ್ಲೀನರ್ ಹುಡುಗನೊಬ್ಬ ತಾನೂ ಒಂದು ರೂಪಾಯಿ ಹಾಕುತ್ತಾನೆ. ನನಗಿಂತ ಐದಾರು ವರ್ಷ ದೊಡ್ಡವನು. ಮೊಣಕೈವರೆಗೂ ಗ್ರೀಸು. ಹೆಸರು ಕೇಳುವುದಿಲ್ಲ, ಹೇಳುವುದೂ ಇಲ್ಲ. ಇಬ್ಬರೂ ಬಲಕ್ಕೆ ಓಡಲು ಶುರುಮಾಡುತ್ತೇವೆ.

ಪೀಪಾಯಿ ಒಡೆದರೆ ಊಟ ಬೀಳುತ್ತದೆ. ಅದನ್ನು ಎತ್ತಿಕೊಂಡವನ ಶಕ್ತಿಯ ಗೆರೆ ತುಂಬುತ್ತದೆ. ನನ್ನ ಗೆರೆ ಮುಗಿಯುತ್ತಾ ಬಂದಿದೆ. ಊಟ ಬಿದ್ದಿರುವುದು ಅವನ ಕಾಲ ಬಳಿ.

"ಊಟ ನಿಂದು, ತಗಾ," ಅನ್ನುತ್ತಾನೆ, ತೆರೆಯಿಂದ ಕಣ್ಣು ತೆಗೆಯದೆ.

ತೆಗೆದುಕೊಳ್ಳುತ್ತೇನೆ. ಆದರೂ ಎರಡನೆಯ ಬಾಸ್ ಎದುರು ನಾನು ಉಳಿಯುವುದಿಲ್ಲ. ತೆರೆಯ ಮೇಲೆ ಎಣಿಕೆ ಶುರುವಾಗುತ್ತದೆ: ಒಂಬತ್ತು, ಎಂಟು, ಏಳು. ನಾಲ್ಕೂ ನಾಣ್ಯ ತೀರಿ ಜೇಬು ಖಾಲಿ. ಹಿಂದೆ ನಿಂತವರು ಸುಮ್ಮನಾಗಿದ್ದಾರೆ. ಮೂರು, ಎರಡು. ಗ್ರೀಸಿನ ಕೈಯೊಂದು ನನ್ನ ಮುಂದಿನಿಂದ ಹಾದು ಬಂದು ನಾಣ್ಯವೊಂದನ್ನು ತೂತಿನೊಳಗೆ ತಳ್ಳುತ್ತದೆ.

"ಆಡಲೇ. ಒಬ್ಬನ ಕೈಲಿ ಆಗಂಗಿಲ್ಲ ಇದು."

ಆ ನಾಣ್ಯದ ಋಣ ಇವತ್ತಿಗೂ ಹಾಗೇ ಉಳಿದಿದೆ. ಆಟ ಮುಗಿದಾಗ ಅವನ ಲಾರಿ ಹಾರನ್ ಹೊಡೆಯಿತು. ಅವನು ತಾಟು ಸರಿಸಿಕೊಂಡು ಬಿಸಿಲಿಗೆ ಹೋದ. ಮತ್ತೆಂದೂ ನನಗೆ ಸಿಗಲಿಲ್ಲ.

ಸಿರುಗುಪ್ಪ, ಅದೇ ವಾರ

ಬಸ್ಸು ತೆಕ್ಕಲಕೋಟೆ ದಾಟಿದ ಮೇಲೆ ಗಾಳಿಯ ವಾಸನೆ ಬದಲಾಗುತ್ತದೆ. ಒಣಮಣ್ಣು ಹಿಂದಾಗಿ ಕಾಲುವೆ ನೀರು, ಹಸಿ ಹುಲ್ಲು, ಬೇಯಿಸಿದ ಭತ್ತದ ಆವಿ ಮೂಗಿಗೆ ಬರುತ್ತವೆ. ಬೇಸಿಗೆ ಬೆಳೆಯ ಕೊಯ್ಲಿನ ಕಾಲ. ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದಾರೆ. ಡ್ರೈವರು ಬೈಯುತ್ತಲೇ ಒಂದು ಮಗ್ಗುಲಿಗೆ ಓಡಿಸುತ್ತಾನೆ. ರೈಸ್ ಮಿಲ್ಲುಗಳ ಕೊಳವೆಯಿಂದ ಹೊಟ್ಟಿನ ಬೂದಿ ಹಾರಿ ಕಿಟಕಿಯೊಳಗೆ ಬರುತ್ತದೆ. ಸಿರುಗುಪ್ಪ ಬಂತು.

ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಕಪ್ಪು ಬಿಳುಪು ಟಿವಿ ಇದೆ. ಈ ಸಲ ಅದರ ಕೆಳಗೆ ಹೊಸ ಸಾಮಾನೊಂದು ಬಂದಿದೆ. ಭತ್ತದ ದುಡ್ಡು ಕೈಗೆ ಬಂದಾಗ ಅಣ್ಣ ಮೂರು ದಿನ ಊಟ ಬಿಟ್ಟು ಕೊಡಿಸಿಕೊಂಡ ಟಿವಿ ಗೇಮ್. ಅಣ್ಣ ಎಂದರೆ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿದೆ. ಎಣಿಸಿದರೆ ಇಪ್ಪತ್ತೋ ಮೂವತ್ತೋ ಆಟಗಳು ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತವೆ. ಅಷ್ಟೇ ಸಾಕು. ಮಾರಿಯೋ ಇದೆ, ಬಾತುಕೋಳಿ ಹೊಡೆಯುವುದಿದೆ, ಕಾಂಟ್ರಾ ಇದೆ.

ಆ ಪ್ಲಾಸ್ಟಿಕ್ ಪೆಟ್ಟಿಗೆಯ ಮೂಲ ದೂರದ್ದು. ಜಪಾನಿನ ನಿಂಟೆಂಡೋ ಕಂಪನಿಗಾಗಿ ಮಸಾಯುಕಿ ಉಎಮುರಾ ಎಂಬ ಎಂಜಿನಿಯರ್ ರೂಪಿಸಿದ ಫ್ಯಾಮಿಕಾಮ್ 1983ರ ಜುಲೈ 15ರಂದು ಮಾರಾಟಕ್ಕೆ ಬಂತು. ಅಸಲಿ ಪೆಟ್ಟಿಗೆ ಸಿರುಗುಪ್ಪಕ್ಕೆ ಬರಲೇ ಇಲ್ಲ. ಬಂದದ್ದು ಅದರ ನಕಲು, ನಕಲಿನ ನಕಲು. ಆದರೆ ಆಟ ಅಸಲಿಯಾಗಿಯೇ ಬಂತು. ಎದೆ ಹೊಡೆದುಕೊಳ್ಳುವುದರಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಏಪ್ರಿಲ್ 22, ಬುಧವಾರ. ರಾತ್ರಿ. ಪಡಸಾಲೆ ತುಂಬ ಜನ. ಶಾರ್ಜಾದಲ್ಲಿ ಭಾರತ, ಆಸ್ಟ್ರೇಲಿಯಾ. ಫೈನಲ್‌ಗೆ ಹೋಗಬೇಕೆಂದರೆ ಇಂತಿಷ್ಟು ರನ್ ಆಗಲೇಬೇಕು ಎಂದು ಮಿಲ್ಲಿನ ಗುಮಾಸ್ತರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಾರೆ. ಸಚಿನ್ ಆಡುತ್ತಿದ್ದಾನೆ. ಇದ್ದಕ್ಕಿದ್ದಂತೆ ತೆರೆ ಮಬ್ಬಾಗುತ್ತದೆ. ಟಿವಿ ಕೆಟ್ಟಿತೆಂದು ದೊಡ್ಡಪ್ಪ ಎದ್ದು ತಲೆಗೊಂದು ಏಟು ಕೊಡುತ್ತಾರೆ. ಕೆಟ್ಟಿಲ್ಲ. ಶಾರ್ಜಾದಲ್ಲಿ ಮರಳುಗಾಳಿ ಎದ್ದಿದೆ. ಆಟಗಾರರು ನೆಲಕ್ಕೆ ಬಗ್ಗಿದ್ದಾರೆ, ಕೆಲವರು ಒಳಗೆ ಓಡುತ್ತಿದ್ದಾರೆ.

"ಇನ್ನ ಆಡೋದು ಅನುಮಾನ," ಎಂದು ದೊಡ್ಡಪ್ಪ ಎಲೆ ಅಡಿಕೆ ಚೀಲ ಹಿಡಿದು ಕಟ್ಟೆಗೆ ಹೋಗುತ್ತಾರೆ. ಉಳಿದವರೂ ಅವರ ಹಿಂದೆ ಏಳುತ್ತಾರೆ. ಅಣ್ಣ ನನ್ನ ಕಡೆ ನೋಡುತ್ತಾನೆ. ಮಾತು ಬೇಕಿಲ್ಲ.

ಕೇಬಲ್ ವೈರು ಕಿತ್ತು ಗೇಮಿನ ವೈರು ಚುಚ್ಚುತ್ತಾನೆ. ಕ್ಯಾಸೆಟ್ ತೆಗೆದು ಅದರ ಬಾಯಿಗೆ ಫೂ ಎಂದು ಊದುತ್ತಾನೆ, ಅಂಗಿಯ ತುದಿಯಿಂದ ಒರೆಸುತ್ತಾನೆ, ಮತ್ತೆ ಒತ್ತುತ್ತಾನೆ. ನಾನು ಟಿವಿಯ ಟ್ಯೂನಿಂಗ್ ಗುಂಡಿ ತಿರುವುತ್ತೇನೆ. ಸರ್ರೆನ್ನುವ ಸದ್ದು, ಚುಕ್ಕಿಮಳೆ, ಅಲೆ, ಅಲೆಯೊಳಗಿಂದ ಅಕ್ಷರ. ಬಂತು.

ಟಿವಿ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಿಂದ ಎರಡು ಬರಹಗಳಿವೆ. ಒಂದು, ದೊಡ್ಡಪ್ಪನ ಕೈಯ ಭತ್ತದ ಚೀಲದ ಲೆಕ್ಕ. ಅದರ ಕೆಳಗೆ ಅಣ್ಣನ ಕೈಯದು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಇದನ್ನು ಒತ್ತಿದರೆ ಕಾಂಟ್ರಾದಲ್ಲಿ ಮೂರರ ಬದಲು 30 ಲೈಫ್ ಸಿಗುತ್ತವೆ. ಎರಡರ ಮಗ್ಗಿಯಂತೆ ಊರ ಹುಡುಗರೆಲ್ಲ ಇದನ್ನು ಬಾಯಿಪಾಠ ಮಾಡಿದ್ದರು. ಯಾರು ಯಾರಿಗೆ ಹೇಳಿ ಇಲ್ಲಿಗೆ ತಲುಪಿತೋ. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಫ್ಯಾಮಿಕಾಮ್‌ಗೆ ಇಳಿಸುತ್ತಿದ್ದ. ಆಟ ಅವನಿಗೇ ಕಷ್ಟವಾಯಿತು. ಪರೀಕ್ಷೆ ಮಾಡಿ ಮುಗಿಸಲು ನೆನಪಿಡುವುದಕ್ಕೆ ಸುಲಭವಾದ ಈ ಒಳದಾರಿಯನ್ನು ಇಟ್ಟುಕೊಂಡ. ಅದು ಆಟದಲ್ಲೇ ಉಳಿಯಿತು, ಮುಂದೆ ಕಾಂಟ್ರಾಕ್ಕೂ ಬಂತು. ಹಶಿಮೊಟೊ 2020ರಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ಈ ಗೋಡೆ.

ಇವತ್ತು ಅವಸರ. ಅಣ್ಣನ ಬೆರಳು ಎಲ್ಲೋ ತಪ್ಪುತ್ತದೆ. ಆಟ ಶುರುವಾದಾಗ ತಲೆಗೆ ಮೂರೇ ಲೈಫ್.

"ಇರ್ಲಿ ಬಿಡು, ನಡಿ," ಎನ್ನುತ್ತಾನೆ.

ಅಸಲಿನಲ್ಲಿ ಮೊದಲನೆಯವನು ನೀಲಿ, ಎರಡನೆಯವನು ಕೆಂಪು. ನಮ್ಮ ಟಿವಿಯಲ್ಲಿ ಇಬ್ಬರೂ ಬೂದಿ. ಒಬ್ಬ ತುಸು ಕಡುಬೂದಿ ಅಷ್ಟೆ. ಕಾಡು. ಕಾಲಿಟ್ಟ ಹಾಗೆಲ್ಲ ಸಿಡಿದುಹೋಗುವ ಸೇತುವೆ. ಎಸ್ ಅಕ್ಷರದ ಗುಳಿಗೆ ಹಾರಿಬರುತ್ತದೆ. ಅದು ಸಿಕ್ಕರೆ ಗುಂಡು ಬೀಸಣಿಗೆಯಂತೆ ಐದು ಕಡೆ ಹರಡುತ್ತದೆ. ಅದನ್ನು ನಾನೇ ನುಂಗುತ್ತೇನೆ. ಕೊನೆಯ ಗೋಡೆ ಒಡೆಯುತ್ತದೆ. ಮುಂದಿನ ಹಂತದ ಓಣಿಗಳನ್ನೂ ದಾಟುತ್ತೇವೆ. ಹೆಬ್ಬೆರಳಿನ ಬೊಬ್ಬೆ ಉರಿಯುತ್ತಿದೆ. ಹೊರಗೆ ಕಟ್ಟೆಯ ಮೇಲೆ ಗುಮಾಸ್ತರ ಮಾತು, ಒಳಗೆ ಅಜ್ಜಿ ರೊಟ್ಟಿ ಬಡಿಯುವ ಸದ್ದು.

ಮೂರನೆಯದು ಜಲಪಾತ. ಇಲ್ಲಿ ಬಲಕ್ಕೆ ಓಡುವುದಿಲ್ಲ. ಬಂಡೆಯಿಂದ ಬಂಡೆಗೆ ಹಾರುತ್ತಾ ಮೇಲೆ ಹತ್ತಬೇಕು. ಕಾಂಟ್ರಾ ಆಡಿದವರಿಗೆಲ್ಲ ಇದರ ಗುಟ್ಟು ಗೊತ್ತು. ಮುಂದೆ ಹೋದವನು ಹತ್ತಿದಷ್ಟೂ ತೆರೆ ಮೇಲಕ್ಕೆ ಏರುತ್ತದೆ. ಹಿಂದುಳಿದವನ ಕಾಲ ಕೆಳಗಿನ ಬಂಡೆ ತೆರೆಯಿಂದ ಮಾಯವಾಗುತ್ತದೆ. ವೈರಿ ಬೇಕಿಲ್ಲ, ಗುಂಡು ಬೇಕಿಲ್ಲ. ಜೊತೆಗಾರನ ಅವಸರಕ್ಕೇ ಅವನು ಸಾಯುತ್ತಾನೆ.

ನಾನು ಹತ್ತುತ್ತೇನೆ. ಕೈಯಲ್ಲಿ ಎಸ್ ಇದೆ, ಹೊರಗೆ ಯಾವ ಗಳಿಗೆಯಲ್ಲಾದರೂ ದೊಡ್ಡಪ್ಪ ಒಳಗೆ ಬರಬಹುದು.

"ತಡಿಯಲೇ," ಅಣ್ಣ ಅನ್ನುತ್ತಾನೆ. ಅವನ ಆಳು ಬಿದ್ದ.

ಮತ್ತೆ ಹತ್ತುತ್ತೇನೆ. "ನಿಂದರಲೇ ತಮ್ಮ." ಮತ್ತೆ ಬಿದ್ದ.

ಅವನ ಲೈಫ್ ಮುಗಿದವು. ನನ್ನವು ಎರಡು ಉಳಿದಿವೆ. ಕಾಂಟ್ರಾದಲ್ಲಿ ಇನ್ನೊಂದು ದಾರಿ ಇದೆ. ತನ್ನ ಲೈಫ್ ತೀರಿದವನು ಎ ಗುಂಡಿ ಒತ್ತಿದರೆ ಜೊತೆಗಾರನ ಲೆಕ್ಕದಿಂದ ಒಂದು ಲೈಫ್ ಅವನಿಗೆ ಬರುತ್ತದೆ. ಕೇಳಲೇಬೇಕೆಂಬ ನಿಯಮವಿಲ್ಲ. ಊರಲ್ಲಿ ಯಾರೂ ಕೇಳುತ್ತಿರಲಿಲ್ಲ, ಎಳೆದುಕೊಂಡುಬಿಡುತ್ತಿದ್ದರು. ಅದಕ್ಕಾಗಿ ಎಷ್ಟು ಜಗಳಗಳಾಗಿದ್ದವು.

ಅಣ್ಣನ ಹೆಬ್ಬೆರಳು ಎ ಮೇಲೆ ಇದೆ. ಟಿವಿಯ ಬೆಳಕು ಬಿದ್ದು ಆ ಉಗುರು ಬೆಳ್ಳಗೆ ಕಾಣುತ್ತಿದೆ. ಉಗುರಿನ ಬುಡದಲ್ಲಿ ಗದ್ದೆಯ ಕೆಸರು ಒಣಗಿದೆ.

"ಒಂದು ಲೈಫ್ ತಗೊಳ್ಳಲಾ?"

"ಬ್ಯಾಡ. ಇನ್ನ ಬಾಸ್ ಐತಿ."

ಬೆರಳು ಗುಂಡಿಯಿಂದ ಮೇಲಕ್ಕೆದ್ದಿತು. ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡ. ಸಿಟ್ಟಾಗುತ್ತಾನೆ, ಎದ್ದುಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ನನ್ನ ಪಕ್ಕಕ್ಕೆ ಸರಿದು ಕೂತ. ಮೇಲಿಂದ ಬಂಡೆಗಳು ಪುಟಿಯುತ್ತಾ ಉರುಳಿಬರುತ್ತಿದ್ದವು.

"ಕಲ್ಲು ಬರ್ತೈತಿ, ಎಡಕ್ಕ ಬಾ. ಹಾಂ. ಈಗ ಹಾರು. ಕಲ್ಲು, ಎಡಕ್ಕ."

ಅವನು ಹೇಳಿದ ಹಾಗೆ ಹಾರಿದೆ. ಜಲಪಾತದ ನೆತ್ತಿಯ ರಾಕ್ಷಸ ಎರಡು ಉದ್ದ ಕೈ ಬೀಸುತ್ತಾ ಕಾಣಿಸಿಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಗುಮಾಸ್ತರ ದನಿ: "ಶುರುವಾಯ್ತ್ರೀ!" ದೊಡ್ಡಪ್ಪನ ಕೈ ನನ್ನ ತಲೆಯ ಮೇಲಿಂದ ಹಾದು ಗೇಮಿನ ವೈರು ಕಿತ್ತಿತು. ಶಾರ್ಜಾದಲ್ಲಿ ಗಾಳಿ ನಿಂತಿತ್ತು. ಸುಮಾರು 25 ನಿಮಿಷ ಆಟ ನಿಂತು, ಗುರಿ 46 ಓವರಿಗೆ 276 ಆಗಿತ್ತು. ಆಮೇಲೆ ಸಚಿನ್ ಆಡಿದ್ದನ್ನು ನಾಡೆಲ್ಲ ಕಂಡಿದೆ. 131 ಚೆಂಡಿಗೆ 143. ಪಂದ್ಯ ಸೋತರೂ ಭಾರತ ಫೈನಲ್ ತಲುಪಿತು. ಪಡಸಾಲೆಯಲ್ಲಿ ಜನ ಕುಣಿದರು, ದೊಡ್ಡಪ್ಪ ಅಣ್ಣನನ್ನು ಎತ್ತಿಕೊಂಡರು. ನಾನು ಮೂಲೆಯಲ್ಲಿ ನಿಂತು ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಕುರುಗೋಡು, ಈಗ

ಭಾನುವಾರದ ಬೆಳಿಗ್ಗೆ. ದೊಡ್ಡ ಬಸವೇಶ್ವರನ ಗುಡಿಯೊಳಗೆ ತಣ್ಣಗಿದೆ. ಗರ್ಭಗುಡಿ ತುಂಬ ಒಂದೇ ಕಲ್ಲಿನ ಬಸವಣ್ಣ. ಮುಖ ನೋಡಬೇಕೆಂದರೆ ತಲೆ ಎತ್ತಬೇಕು. ಎಣ್ಣೆ, ವಿಭೂತಿ, ಹೂವಿನ ವಾಸನೆ. ಅಣ್ಣ ಕಣ್ಣು ಮುಚ್ಚಿ ನಿಂತಿದ್ದಾನೆ. ಅವನ ಕೂದಲು ಅರ್ಧ ಬೆಳ್ಳಗಾಗಿದೆ. ಸಿರುಗುಪ್ಪದಲ್ಲಿ ಅದೇ ಗದ್ದೆ, ಅದೇ ಮನೆ. ನಾನು ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಬರುವವನು. ಮೊದಲು ಓದಲು ಹೋದೆ, ಆಮೇಲೆ ಕೆಲಸಕ್ಕೆ. ನಾನು ಮೇಲೆ ಹತ್ತಿದೆ, ತೆರೆಯೂ ನನ್ನ ಜೊತೆ ಏರಿತು.

ಗುಡಿಯ ಹೊರಗೆ ಬೇವಿನ ನೆರಳಲ್ಲಿ ಅಣ್ಣನ ಮಗಳು ಕೂತಿದ್ದಾಳೆ. ಎಸ್ಸೆಸ್ಸೆಲ್ಸಿ ಹುಡುಗಿ. ಕಿವಿಗೆ ಇಯರ್‌ಫೋನು, ಕೈಯಲ್ಲಿ ಅಡ್ಡ ಹಿಡಿದ ಫೋನು. ಬಿಜಿಎಂಐ ನಡೆದಿದೆ. 2018ರಲ್ಲಿ ಪಬ್‌ಜಿ ಮೊಬೈಲ್ ಎಂದು ಬಂದು, 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿ, 2021ರ ಜುಲೈನಲ್ಲಿ ಹೊಸ ಹೆಸರಿನಲ್ಲಿ ಮರಳಿದ ಆಟ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಒಂದು ತಂಡ ಉಳಿಯುತ್ತದೆ. ಅವಳ ತಂಡದಲ್ಲಿ ನಾಲ್ವರು: ತೆಕ್ಕಲಕೋಟೆಯವಳೊಬ್ಬಳು, ಸಿರುಗುಪ್ಪದವರಿಬ್ಬರು, ಇವಳು.

ಪಕ್ಕದಲ್ಲಿ ಕೂತು ನೋಡುತ್ತೇನೆ. ಇವಳು ಮನೆಯೊಂದರ ಗೋಡೆ ಮರೆಯಲ್ಲಿ ಭದ್ರವಾಗಿದ್ದಾಳೆ. ಬಯಲಿನಲ್ಲಿ ಗೆಳತಿಗೆ ಗುಂಡು ಬಿದ್ದು ನಾಕ್ ಆಗಿದ್ದಾಳೆ. ನಾಕ್ ಆದವರು ಆ ಕ್ಷಣಕ್ಕೆ ಸಾಯುವುದಿಲ್ಲ. ಮೊಣಕಾಲ ಮೇಲೆ ತೆವಳುತ್ತಾರೆ, ರಕ್ತ ಇಳಿಯುತ್ತಾ ಹೋಗುತ್ತದೆ. ಯಾರಾದರೂ ಬಳಿಗೆ ಬಂದು ಕೂತು ಆರೈಕೆ ಮಾಡಿದರೆ ಮಾತ್ರ ಏಳುತ್ತಾರೆ. ಆರೈಕೆಯ ಆ ಕೆಲವು ಸೆಕೆಂಡು ಇಬ್ಬರೂ ಬಯಲಲ್ಲಿ ಗುರಿಯಾಗಿ ಕೂತಿರಬೇಕು.

"ಹೋಗಬ್ಯಾಡ, ಅಲ್ಲಿ ಯಾರೋ ಕಾಯ್ತಿದಾರೆ," ಎನ್ನುತ್ತೇನೆ.

"ಅವಳು ಒಬ್ಬಳೇ ಐದಾಳ, ಚಿಕ್ಕಪ್ಪ."

ಹೊಗೆಬಾಂಬು ಎಸೆದು ಓಡುತ್ತಾಳೆ. ಗೆಳತಿಯ ಪಕ್ಕ ಕೂರುತ್ತಾಳೆ. ತೆರೆಯ ಮೇಲಿನ ಉಂಗುರ ನಿಧಾನಕ್ಕೆ ತುಂಬುತ್ತದೆ. ಗೆಳತಿ ಎದ್ದು ಓಡಿದಳು. ಅದೇ ಗಳಿಗೆಗೆ ಇವಳಿಗೆ ಗುಂಡು ಬಿತ್ತು. ಸ್ವಲ್ಪ ಹೊತ್ತಿಗೆ ಇವಳ ಆಟ ಮುಗಿಯಿತು. ಫೋನು ತೊಡೆಯ ಮೇಲಿಟ್ಟು ನನ್ನ ಕಡೆ ನಕ್ಕಳು. ಸೋತವರ ನಗೆ ಅಲ್ಲ ಅದು.

ನಾನೂ ಆಟ ಬಿಟ್ಟವನಲ್ಲ. 2017ರಲ್ಲಿ ಅನ್‌ಚಾರ್ಟೆಡ್ ಸರಣಿಯ ದಿ ಲಾಸ್ಟ್ ಲೆಗಸಿ ಬಂದಾಗ ಬೆಂಗಳೂರಿನ ಕೋಣೆಯಲ್ಲಿ ರಾತ್ರಿಯಿಡೀ ಕೂತಿದ್ದೆ. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಸಂಸ್ಥೆಯವರು ನಮ್ಮ ಪಶ್ಚಿಮ ಘಟ್ಟವನ್ನು, ಹೊಯ್ಸಳರ ಹೆಸರನ್ನು ಆಟದೊಳಗೆ ತಂದಿದ್ದರು. ಹಳೇಬೀಡು, ಬೇಲೂರು ಎಂಬ ಹೆಸರುಗಳು ಪರದೇಶದ ಬಾಯಲ್ಲಿ ಬಂದಾಗ ಮೈ ನವಿರೆದ್ದಿತು. ಆದರೆ ಮನಸ್ಸಲ್ಲಿ ನಿಂತದ್ದು ಬೇರೆಯದು. ಕ್ಲೋಯಿ, ನಡೀನ್ ಎಂಬ ಇಬ್ಬರು ಹೆಂಗಸರು. ಒಬ್ಬರನ್ನೊಬ್ಬರು ಪೂರ್ತಿ ನಂಬದವರು. ಎತ್ತರದ ಗೋಡೆ ಎದುರಾದಾಗಲೆಲ್ಲ ಒಬ್ಬಳು ಕೈ ಜೋಡಿಸಿ ಮೆಟ್ಟಿಲಾಗುತ್ತಾಳೆ. ಮೇಲೆ ಹತ್ತಿದವಳು ದಾರಿ ಮಾಡಿಕೊಡುತ್ತಾಳೆ. ಪಕ್ಕದ ಕುರ್ಚಿ ಖಾಲಿ ಇತ್ತು. ಆ ರಾತ್ರಿ ಅಣ್ಣನಿಗೆ ಫೋನು ಮಾಡಬೇಕೆನಿಸಿತು. ಮಾಡಲಿಲ್ಲ, ಹೊತ್ತು ಮೀರಿತ್ತು.

"ಗುಡ್ಡ ಹತ್ತೋಣೇನು?" ಅಣ್ಣ ಪ್ರಸಾದ ಬಾಯಿಗೆ ಹಾಕಿಕೊಳ್ಳುತ್ತಾ ಕೇಳುತ್ತಾನೆ.

ಕುರುಗೋಡಿನ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ ಪೇರಿಸಿದ ರಾಶಿ. ಒಂದು ಕಾಲಕ್ಕೆ ಸಿಂದ ಅರಸರು ಆಳಿದ ಊರು. ಬಂಡೆಗಳ ನಡುವೆ ಹಳೆಯ ಕೋಟೆಯ ಗೋಡೆ ಅಲ್ಲಲ್ಲಿ ತಲೆ ಎತ್ತುತ್ತದೆ. ಕಲ್ಲು ಆಗಲೇ ಕಾಯತೊಡಗಿದೆ. ಮಗಳು ಎಲ್ಲರಿಗಿಂತ ಮುಂದೆ, ಅಣ್ಣ ನಡುವೆ, ನಾನು ಹಿಂದೆ. ದಿನವಿಡೀ ಕುರ್ಚಿಯಲ್ಲಿ ಕೂರುವ ಮೈ ನನ್ನದು. ಹತ್ತು ಬಂಡೆ ದಾಟುವಷ್ಟರಲ್ಲಿ ಉಸಿರು ಮೇಲೆ ಕೆಳಗೆ. ಅಣ್ಣ ಬರಿಗಾಲಿನಲ್ಲಿ ಉಡದ ಹಾಗೆ ಹತ್ತುತ್ತಿದ್ದಾನೆ.

ತಿರುಗಿ ನೋಡುತ್ತೇನೆ. ಕೆಳಗೆ ಗುಡಿ ಗೋಪುರ, ಊರಿನ ಮಾಳಿಗೆಗಳು, ಅದರಾಚೆ ಹಸಿರು, ಹಸಿರಿನಾಚೆ ಬಿಳಿ ಬಿಸಿಲು. ಮೇಲೆ ಇನ್ನೂ ಅಷ್ಟೇ ಎತ್ತರವಿದೆ.

"ಅಣ್ಣ, ಕಾಂಟ್ರಾ ನೆನಪೈತಾ?"

"ಐತಪ್ಪ. ಯಾಕ?"

"ಅವತ್ತು ಶಾರ್ಜಾ ಮ್ಯಾಚ್ ರಾತ್ರಿ. ನೀನು ಲೈಫ್ ಕೇಳಿದ್ದಿ. ನಾನು ಕೊಡಲಿಲ್ಲ."

ಅವನು ನಿಂತು ಸ್ವಲ್ಪ ಹೊತ್ತು ಯೋಚಿಸಿದ. ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ ಅಂತ ಮುಖವೇ ಹೇಳಿತು. ಅವನ ನೆನಪಿನಲ್ಲಿ ಆ ರಾತ್ರಿ ಬೇರೆಯಾಗಿತ್ತು.

"ಅವತ್ತು ಸಚಿನ್ ಏನ್ ಹೊಡೆದನಲ್ಲ ಮಾರಾಯ!" ಎಂದ. "ಅಪ್ಪ ನನ್ನ ಎತ್ತಿಕೊಂಡಿದ್ದ. ಅದೊಂದೇ ಸಲ."

ದೊಡ್ಡಪ್ಪ ಹೋಗಿ ಆರು ವರ್ಷವಾಯಿತು. ಇಬ್ಬರೂ ಸುಮ್ಮನೆ ನಿಂತೆವು. ಮೇಲಿನ ಬಂಡೆಯಿಂದ ಮಗಳು ಬೇಗ ಬರಲು ಕೂಗುತ್ತಿದ್ದಳು. ಅಣ್ಣ ಹೋಗಲಿಲ್ಲ. ನಾನಿದ್ದ ಬಂಡೆಯ ಅಂಚಿಗೆ ಇಳಿದುಬಂದು ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಅದೇ ಕೆಸರು.

"ಆ ಕಲ್ಲು ಸಡಿಲ ಐತಿ," ಅಂದ. "ಎಡಕ್ಕ ಬಾ."